ಸಿಟ್ಟು ನೆತ್ತಿಗೇರಿದಾಗ ತಕ್ಷಣ ಮಾಡಬೇಕಾದ್ದು: ಮೊದಲು ಮೈ, ಆಮೇಲೆ ಮಾತು

ಸಿಟ್ಟಿನಲ್ಲಿ ಕುದಿಯುತ್ತಿರುವವರಿಗೆ ‘ಸ್ವಲ್ಪ ಸಮಾಧಾನ ಮಾಡ್ಕೋ’ ಅಂದು ನೋಡಿ. ಸಿಟ್ಟು ಇನ್ನೂ ಜಾಸ್ತಿ ಆಗುತ್ತದೆ. ಸಮಾಧಾನ ಮಾಡಿಕೊಳ್ಳಬೇಕು ಅಂತ ಅವರಿಗೂ ಗೊತ್ತು. ಹೇಗೆ ಅನ್ನುವುದೇ ಗೊತ್ತಿಲ್ಲ. ಕೈ ನಡುಗುತ್ತಿರುತ್ತದೆ, ಎದೆ ಡವಡವ ಅನ್ನುತ್ತಿರುತ್ತದೆ, ನಾಲಗೆಯ ತುದಿಯಲ್ಲಿ ಒಂದು ಕೆಟ್ಟ ಮಾತು ಬಂದು ನಿಂತಿರುತ್ತದೆ. ಆ ಹೊತ್ತಿನಲ್ಲಿ ನಿಜಕ್ಕೂ ಏನು ಮಾಡಬೇಕು? ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಆದರೆ ಈಜು, ಸೈಕಲ್ ಕಲಿತ ಹಾಗೆ ಇದನ್ನೂ ಕಲಿಯಬಹುದು.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಸಿಟ್ಟು ಉಕ್ಕಿದ ಆ ಕೆಲವು ನಿಮಿಷ ಜಗಳ ಬಗೆಹರಿಸಲು ಹೋಗಬೇಡಿ. ಯಾರದು ತಪ್ಪು, ಯಾರು ಏನಂದರು, ಮುಂದೇನು, ಇದೆಲ್ಲ ಆಮೇಲೆ. ಮೊದಲು ಮೈ ಹಿಡಿತಕ್ಕೆ ಬರಬೇಕು.

ಯಾಕೆ ಅಂದರೆ ಸಿಟ್ಟು ಬರೀ ಮನಸ್ಸಿನ ಮಾತಲ್ಲ. ಮಿದುಳಿನ ಒಳಗೆ ಅಮಿಗ್ಡಲಾ ಎಂಬ ಪುಟ್ಟ ಭಾಗ ಇದೆ. ಅಪಾಯ ಅಥವಾ ಅವಮಾನ ಕಂಡ ಕೂಡಲೇ ಅದು ಎಚ್ಚರಿಕೆ ಕೊಡುತ್ತದೆ. ಕಿಡ್ನಿಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆಬಡಿತ ಏರುತ್ತದೆ, ಬಿಪಿ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಇದು ಹೊಡೆದಾಟಕ್ಕೋ ಓಟಕ್ಕೋ ಮೈ ಮಾಡಿಕೊಳ್ಳುವ ಸಿದ್ಧತೆ ಎಂದು ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರ ಹೊತ್ತಿಗೇ ವಿವರಿಸಿದ್ದರು. ಈ ಅಬ್ಬರದಲ್ಲಿ, ಹಣೆಯ ಹಿಂದಿರುವ, ಮುಂದಾಲೋಚನೆ ಮಾಡುವ ಮಿದುಳಿನ ಭಾಗದ ಕೆಲಸ ಕುಂಟುತ್ತದೆ. ಹಾಗಾಗಿ ಆಗ ನಿಮಗೆ ಹೊಳೆಯುವ ‘ಸರಿಯಾದ ಉತ್ತರ’ವನ್ನು ನಂಬಬೇಡಿ. ಅರ್ಧ ಗಂಟೆ ಬಿಟ್ಟು ನೋಡಿದರೆ ಅದು ಬೇರೆಯೇ ಥರ ಕಾಣುತ್ತದೆ.

ಸಿಟ್ಟು ಮೊದಲು ಎಲ್ಲಿ ಕಾಣಿಸುತ್ತದೆ?

‘ಇದ್ದಕ್ಕಿದ್ದ ಹಾಗೆ ಸಿಟ್ಟು ಬಂತು’ ಎನ್ನುತ್ತೇವೆ. ನಿಜ ಹೇಳಬೇಕೆಂದರೆ ಮೈ ಅದಕ್ಕೂ ಮೊದಲೇ ಸುಳಿವು ಕೊಟ್ಟಿರುತ್ತದೆ. ಕೆಲವರಿಗೆ ಕಿವಿ ಬಿಸಿಯಾಗುತ್ತದೆ. ಕೆಲವರು ಹಲ್ಲು ಕಚ್ಚುತ್ತಾರೆ. ಕೆಲವರ ದನಿ ಏರುತ್ತದೆ, ಇನ್ನು ಕೆಲವರ ದನಿ ಪೂರ್ತಿ ತಗ್ಗಿ ಮಾತು ಚುಚ್ಚಲು ಶುರುವಾಗುತ್ತದೆ. ಪಾತ್ರೆ, ಬಾಗಿಲು, ಕೀಬೋರ್ಡ್ ಎಲ್ಲವೂ ಸ್ವಲ್ಪ ಜೋರಾಗಿ ಸದ್ದು ಮಾಡುತ್ತವೆ. ‘ಯಾವಾಗ್ಲೂ ನಿಂದು ಇದೇ ಆಯ್ತು’, ‘ಒಂದು ಸಲನಾದ್ರೂ ಕೇಳಿದೀಯಾ’ ಎಂಬ ಮಾತು ಬಾಯಿಗೆ ಬಂತು ಅಂದರೆ ಅದೂ ಸುಳಿವೇ.

ನಿಮ್ಮ ಸುಳಿವು ಯಾವುದು ಅಂತ ಗೊತ್ತಿಲ್ಲದಿದ್ದರೆ ಮನೆಯವರನ್ನು ಕೇಳಿ. ಅವರಿಗೆ ಖಂಡಿತ ಗೊತ್ತಿರುತ್ತದೆ. ಕೇಳುವುದು ಮಾತ್ರ ಎಲ್ಲರೂ ಸಮಾಧಾನವಾಗಿರುವ ಹೊತ್ತಿನಲ್ಲಿ.

ಸುಳಿವು ಸಿಕ್ಕ ಕೂಡಲೇ ಮನಸ್ಸಿನಲ್ಲೇ ಅದಕ್ಕೆ ಹೆಸರಿಡಿ: ‘ನನಗೀಗ ಸಿಟ್ಟು ಬಂದಿದೆ.’ ಸಿಟ್ಟಿನ ಜೊತೆ ಬೇರೇನೋ ಇದ್ದರೆ ಅದನ್ನೂ ಹೇಳಿಕೊಳ್ಳಿ. ‘ನನಗೆ ಅವಮಾನ ಆಗಿದೆ’, ‘ನನಗೆ ಭಯ ಆಗಿದೆ’, ‘ನನ್ನ ಮಾತು ಯಾರೂ ಕೇಳ್ತಿಲ್ಲ ಅಂತ ನೋವಾಗಿದೆ’. ಇಷ್ಟರಿಂದ ಏನಾಗುತ್ತೆ ಅನ್ನಿಸಬಹುದು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದ್ದರು. ಸಿಟ್ಟು, ಭಯದಂಥ ಭಾವನೆ ತೋರುವ ಮುಖಗಳನ್ನು ನೋಡಿ ಆ ಭಾವನೆಗೆ ಹೆಸರು ಕೊಟ್ಟಾಗ ಅಮಿಗ್ಡಲಾದ ಚಟುವಟಿಕೆ ತಗ್ಗಿತ್ತು. ಖರ್ಚಿಲ್ಲ, ಯಾರಿಗೂ ಕಾಣುವುದಿಲ್ಲ, ಎರಡು ಸೆಕೆಂಡಿನ ಕೆಲಸ.

ಕೈಯಲ್ಲಿರುವುದನ್ನು ಕೆಳಗಿಡಿ

ಮುಂದಿನ ಹೆಜ್ಜೆ ತುಂಬ ಸರಳ. ಕೈಯಲ್ಲಿ ಚಾಕು, ಬಿಸಿ ಪಾತ್ರೆ, ಫೋನು, ಏನಿದ್ದರೂ ಕೆಳಗಿಡಿ. ಗಾಡಿ ಓಡಿಸುತ್ತಿದ್ದರೆ ಸುರಕ್ಷಿತವಾದ ಕಡೆ ಪಕ್ಕಕ್ಕೆ ಹಾಕಿ. ನಿಂತಿದ್ದರೆ ಕೂತುಕೊಳ್ಳಿ.

ಅಳು ನಿಲ್ಲಿಸದ ಕೂಸು ಕೈಯಲ್ಲಿದ್ದು ನಿಮಗೆ ತಡೆಯಲಾಗದಷ್ಟು ಸಿಟ್ಟು ಬರುತ್ತಿದ್ದರೆ, ಕೂಸನ್ನು ತೊಟ್ಟಿಲಲ್ಲೋ ಬೇರೆ ಸುರಕ್ಷಿತ ಜಾಗದಲ್ಲೋ ಅಂಗಾತ ಮಲಗಿಸಿ ಐದು ನಿಮಿಷ ಪಕ್ಕದ ಕೋಣೆಗೆ ಹೋಗಿ. ಕೂಸು ಅಷ್ಟು ಹೊತ್ತು ಅತ್ತರೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಅಲುಗಾಡಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು, ಜೀವಕ್ಕೇ ಅಪಾಯ ಆಗಬಹುದು. ಆ ಹೊತ್ತಿನಲ್ಲಿ ಕೂಸನ್ನು ಬಿಟ್ಟು ಆಚೆ ಬಂದ ತಾಯಿಯಾಗಲಿ ತಂದೆಯಾಗಲಿ ಸರಿಯಾದ್ದನ್ನೇ ಮಾಡಿದ್ದಾರೆ. ಅದಕ್ಕಾಗಿ ನಾಚಿಕೊಳ್ಳಬೇಕಾಗಿಲ್ಲ.

ಉಸಿರು ಬಿಡುವುದನ್ನು ಉದ್ದ ಮಾಡಿ

ಇಡೀ ಲೇಖನದಲ್ಲಿ ಒಂದೇ ಒಂದು ಉಪಾಯ ನೆನಪಿಟ್ಟುಕೊಳ್ಳುತ್ತೇನೆ ಅನ್ನುವವರು ಇದನ್ನು ಇಟ್ಟುಕೊಳ್ಳಿ.

ಎದೆಬಡಿತವನ್ನು ‘ನಿಧಾನ ಆಗು’ ಅಂತ ಹೇಳಿ ಇಳಿಸಲು ಬರುವುದಿಲ್ಲ. ಆದರೆ ಉಸಿರು ನಮ್ಮ ಕೈಯಲ್ಲಿದೆ, ಉಸಿರಿಗೂ ಎದೆಬಡಿತಕ್ಕೂ ನಂಟಿದೆ. ಉಸಿರು ಎಳೆದುಕೊಂಡಾಗ ಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಸ್ವಲ್ಪ ಇಳಿಯುತ್ತದೆ. ವೇಗಸ್ ಎಂಬ ನರ ಮಿದುಳಿನಿಂದ ಎದೆ, ಹೊಟ್ಟೆಯವರೆಗೆ ಹೋಗುತ್ತದೆ. ಹೃದಯಕ್ಕೆ ಅದು ಬ್ರೇಕ್ ಇದ್ದ ಹಾಗೆ. ಉಸಿರು ಬಿಡುವಾಗ ಆ ಬ್ರೇಕ್ ಬೀಳುತ್ತದೆ. ಹಾಗಾಗಿ ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಬೇಕು.

ಹೀಗೆ ಮಾಡಿ. ಭುಜ ಇಳಿಬಿಡಿ. ನಾಲಗೆಯನ್ನು ಅಂಗುಳಿನಿಂದ ಸಡಿಲಿಸಿ, ಆಗ ದವಡೆ ತಾನೇ ಬಿಡುತ್ತದೆ. ಮೂಗಿನಿಂದ ನಾಲ್ಕು ಎಣಿಸುವವರೆಗೆ ಉಸಿರು ತೆಗೆದುಕೊಳ್ಳಿ, ಹೊಟ್ಟೆ ಉಬ್ಬಲಿ. ತುಟಿಯನ್ನು ಸ್ವಲ್ಪವೇ ತೆರೆದು ಆರೋ ಎಂಟೋ ಎಣಿಸುವವರೆಗೆ ಮೆಲ್ಲಗೆ ಬಿಡಿ. ಕೊನೆಯಲ್ಲಿ ಹೊಟ್ಟೆ ಒಳಗೆ ಹೋಗಬೇಕು. ಹೀಗೆ ಎರಡು ಮೂರು ನಿಮಿಷ. ಮೊದಲ ನಾಲ್ಕೈದು ಉಸಿರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಅಲ್ಲಿಗೇ ಬಿಟ್ಟುಬಿಡಬೇಡಿ.

ಎಣಿಸುವುದು ಕಷ್ಟ ಅನ್ನುವವರಿಗೆ ಇನ್ನೊಂದು ಬಗೆ ಇದೆ. ಮೂಗಿನಿಂದ ಪೂರ್ತಿ ಉಸಿರು ಎಳೆದುಕೊಂಡು, ಬಿಡದೆ ಅದರ ಮೇಲೇ ಇನ್ನೊಂದು ಪುಟ್ಟ ಉಸಿರು ಎಳೆಯಿರಿ. ಆಮೇಲೆ ಬಾಯಿಂದ ನಿಟ್ಟುಸಿರಿನ ಹಾಗೆ ಉದ್ದಕ್ಕೆ ಬಿಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಬೇರೆ ಬೇರೆ ಬಗೆಯ ಉಸಿರಾಟ ಮಾಡಿದ್ದರು. ಮನಸ್ಸು ಹಗುರಾಗುವುದರಲ್ಲಿ ಈ ನಿಟ್ಟುಸಿರಿನ ಬಗೆಯೇ ಮುಂದಿತ್ತು.

ಇಲ್ಲಿ ಒಂದು ಎಚ್ಚರಿಕೆ. ಸಿಟ್ಟಿನಲ್ಲಿ ದೊಡ್ಡ ದೊಡ್ಡ ಉಸಿರನ್ನು ಬೇಗ ಬೇಗ ಎಳೆದರೆ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಗಾಬರಿ ಹೆಚ್ಚುತ್ತದೆ. ಗಮನ ಎಲ್ಲ ಬಿಡುವ ಉಸಿರಿನ ಮೇಲಿರಲಿ.

ಹತ್ತರವರೆಗೆ ಎಣಿಸು ಎನ್ನುವ ಹಳೆಯ ಸಲಹೆ ಕೆಲಸ ಮಾಡುವುದೂ ಉಸಿರು ಜೊತೆಗಿದ್ದರೆ ಮಾತ್ರ ಅಂತ ನನ್ನ ಅನಿಸಿಕೆ. ಉಸಿರು ಬಿಗಿಹಿಡಿದು ಒಂದು, ಎರಡು ಅಂತ ಎಣಿಸುವವರು ಆ ಹತ್ತು ಸೆಕೆಂಡಿನಲ್ಲಿ ಇನ್ನೂ ಖಾರವಾದ ಉತ್ತರ ತಯಾರು ಮಾಡಿಕೊಂಡಿರುತ್ತಾರೆ. ಎಣಿಸಲೇಬೇಕು ಅಂದರೆ ನೂರರಿಂದ ಏಳೇಳು ಕಳೆಯುತ್ತಾ ಬನ್ನಿ: 93, 86, 79... ಲೆಕ್ಕ ಮಾಡುತ್ತಲೇ ಬೈಗುಳ ಹೊಂದಿಸುವುದು ಕಷ್ಟ.

ತಣ್ಣೀರು, ಮುಷ್ಟಿ

ಉಸಿರಿಗೂ ಬಗ್ಗದಷ್ಟು ಸಿಟ್ಟಿದ್ದರೆ ಬಾತ್‌ರೂಮಿಗೆ ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ. ಒದ್ದೆ ಬಟ್ಟೆಯನ್ನು ಕಣ್ಣು, ಕೆನ್ನೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದರೂ ಸರಿ. ಮುಖಕ್ಕೆ ತಣ್ಣೀರು ತಾಗಿದಾಗ, ಅದರಲ್ಲೂ ಉಸಿರು ಹಿಡಿದಿದ್ದಾಗ, ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ನೀರಿಗೆ ಮುಳುಗುವ ಪ್ರಾಣಿಗಳಲ್ಲಿರುವ ಗುಣ ಇದು, ನಮ್ಮಲ್ಲೂ ಇದೆ. ಹೃದಯದ ತೊಂದರೆ ಇರುವವರು ಐಸ್ ನೀರಿನ ಪ್ರಯೋಗಕ್ಕೆ ಹೋಗಬೇಡಿ.

ಎಲ್ಲೂ ಎದ್ದು ಹೋಗಲಾಗದ ಕಡೆ ಮುಷ್ಟಿ ಸಾಕು. ಮೇಜಿನ ಕೆಳಗೆ ಎರಡೂ ಕೈ ಬಿಗಿಯಾಗಿ ಹಿಡಿದು, ಐದು ಎಣಿಸಿ, ಉಸಿರು ಬಿಡುತ್ತಾ ಸಡಿಲಿಸಿ. ಆಮೇಲೆ ಭುಜ, ಆಮೇಲೆ ಕಾಲಿನ ಬೆರಳು.

ಜಾಗ ಬಿಟ್ಟು ಹೋಗುವುದಕ್ಕೂ ಒಂದು ರೀತಿ ಇದೆ

ಎದ್ದು ಹೋಗುವುದು ಒಳ್ಳೆಯ ಉಪಾಯ. ಆದರೆ ಬಹಳ ಜನ ಅದನ್ನು ಮಾಡುವ ರೀತಿಯಿಂದಲೇ ಜಗಳ ದೊಡ್ಡದಾಗುತ್ತದೆ. ಮಾತಿನ ಮಧ್ಯೆ ಎದ್ದು, ಬಾಗಿಲು ದಡಾರನೆ ಹಾಕಿ ಹೋದರೆ ಎದುರಿಗಿದ್ದವರಿಗೆ ಅದು ಇನ್ನೊಂದು ಪೆಟ್ಟು. ‘ನನ್ನ ಮಾತಿಗೆ ಬೆಲೆನೇ ಇಲ್ಲ’ ಅಂತ ಅವರ ಸಿಟ್ಟು ಏರುತ್ತದೆ, ಹಿಂದೆಯೇ ಬರುತ್ತಾರೆ.

ಹೋಗುವ ಮುಂಚೆ ಮೂರು ವಿಷಯ ಹೇಳಿ: ಯಾಕೆ ಹೋಗುತ್ತಿದ್ದೀರಿ, ಎಷ್ಟು ಹೊತ್ತು, ವಾಪಸು ಬಂದು ಮಾತಾಡುತ್ತೀರಿ. ‘ಈಗ ಮಾತಾಡಿದ್ರೆ ಏನೇನೋ ಅಂದುಬಿಡ್ತೀನಿ. ಅರ್ಧ ಗಂಟೆ ಕೊಡು. ಬಂದು ಕೂತು ಮಾತಾಡೋಣ.’ ಇಷ್ಟು ಸಾಕು. ಮೇಲಧಿಕಾರಿಯ ಎದುರು ಇಷ್ಟೂ ಹೇಳಲು ಆಗದು. ಅಲ್ಲಿ ‘ಒಂದು ನಿಮಿಷ ಸರ್, ನೀರು ಕುಡಿದು ಬರ್ತೀನಿ’ ಅಥವಾ ‘ಇದನ್ನ ಒಂದ್ಸಲ ನೋಡಿ ನಾಳೆ ಬೆಳಗ್ಗೆ ಹೇಳ್ತೀನಿ ಮೇಡಂ’ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಈ ವಾಕ್ಯಗಳನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ. ಸಿಟ್ಟಿನಲ್ಲಿ ಹೊಸ ವಾಕ್ಯ ಹೊಳೆಯುವುದಿಲ್ಲ.

ಎಷ್ಟು ಹೊತ್ತು ಅಂದರೆ, ಕನಿಷ್ಠ 20 ನಿಮಿಷ. ಗಂಡ ಹೆಂಡತಿಯರ ಜಗಳಗಳನ್ನು ದಶಕಗಟ್ಟಲೆ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಅವರೂ ಇಷ್ಟೇ ಹೇಳುತ್ತಾರೆ. ಎದೆಬಡಿತ ನಿಮಿಷಕ್ಕೆ ನೂರು ದಾಟಿದಾಗ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಇಳಿಯುವುದಿಲ್ಲ. ಅಡ್ರಿನಲಿನ್ ಅಬ್ಬರ ಇಳಿಯಲು ಸಮಯ ಬೇಕು. ಎರಡು ನಿಮಿಷಕ್ಕೇ ‘ನಾನೀಗ ಸರಿಹೋದೆ’ ಅಂತ ವಾಪಸು ಬಂದವರು ಮೂರನೇ ಮಾತಿಗೆ ಮತ್ತೆ ಸಿಡಿಯುತ್ತಾರೆ.

ಆ ಅರ್ಧ ಗಂಟೆ ಏನು ಮಾಡುತ್ತೀರಿ ಎನ್ನುವುದು ಮುಖ್ಯ. ಕೋಣೆಯಲ್ಲಿ ಕೂತು ‘ಅವನು ಹಾಗಂದ, ನಾನು ಹೀಗನ್ನಬೇಕಿತ್ತು’ ಅಂತ ಮತ್ತೆ ಮತ್ತೆ ಮೆಲುಕು ಹಾಕಿದರೆ ಹೋಗಿದ್ದೂ ದಂಡ. ಹಳೆಯ ಸಿಟ್ಟನ್ನು ನೆನೆಸಿಕೊಂಡರೂ ಸಾಕು, ಮೈಗೆ ಅದು ಹೊಸದೇ. 2024ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಿಗೆ ಸಿಟ್ಟು ತರಿಸಿದ ಘಟನೆಯನ್ನು ಬರೀ 8 ನಿಮಿಷ ನೆನೆಸಿಕೊಳ್ಳಲು ಹೇಳಿದ್ದರು. ಅವರ ರಕ್ತನಾಳಗಳು ಹಿಗ್ಗುವ ಶಕ್ತಿ 40 ನಿಮಿಷದವರೆಗೂ ತಗ್ಗಿತ್ತು. ಅದಕ್ಕೇ ಗಮನ ಬೇಡುವ ಬೇರೆ ಕೆಲಸ ಹಿಡಿಯಿರಿ. ಬಟ್ಟೆ ಮಡಿಸಿ, ಗಿಡಕ್ಕೆ ನೀರು ಹಾಕಿ, ನಿಧಾನವಾಗಿ ಒಂದು ಸುತ್ತು ನಡೆದು ಬನ್ನಿ. ಇನ್ನೊಬ್ಬರಿಗೆ ಫೋನ್ ಮಾಡಿ ದೂರು ಹೇಳುವುದು ಈಗ ಬೇಡ.

ಸಿಟ್ಟನ್ನು ಹೊರಗೆ ಹಾಕಿದರೆ ಹಗುರಾಗುತ್ತದಾ?

ದಿಂಬಿಗೆ ಗುದ್ದು, ಒಬ್ಬನೇ ಕೂತು ಕಿರುಚು, ತಟ್ಟೆ ಒಡಿ, ಎಲ್ಲ ಹೊರಗೆ ಬರಲಿ ಎನ್ನುವವರು ತುಂಬ ಜನ. ಕೇಳಲು ಸರಿ ಅನ್ನಿಸುತ್ತದೆ, ಗುದ್ದಿದಾಗ ಒಂದು ಕ್ಷಣ ಹಿತವೂ ಆಗುತ್ತದೆ. ಆದರೆ ಸಿಟ್ಟು ಇಳಿಯುವುದಿಲ್ಲ.

ಬ್ರ್ಯಾಡ್ ಬುಷ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ 600 ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಇದನ್ನೇ ತೋರಿಸಿತು. ಮೊದಲು ಅವರ ಬರವಣಿಗೆಯನ್ನು ಕಟುವಾಗಿ ಹೀಯಾಳಿಸಿ ಸಿಟ್ಟು ಬರಿಸಲಾಯಿತು. ಕೆಲವರು ಹೀಯಾಳಿಸಿದವರನ್ನೇ ನೆನೆಸಿಕೊಂಡು ಗುದ್ದುಚೀಲಕ್ಕೆ ಗುದ್ದಿದರು. ಕೆಲವರು ವ್ಯಾಯಾಮ ಅಂದುಕೊಂಡು ಗುದ್ದಿದರು. ಉಳಿದವರು ಏನೂ ಮಾಡದೆ ಎರಡು ನಿಮಿಷ ಸುಮ್ನೆ ಕೂತರು. ಕೊನೆಗೆ ಎಲ್ಲರಿಗಿಂತ ಸಿಟ್ಟಾಗಿದ್ದವರು ಮೊದಲ ಗುಂಪಿನವರು. ಸುಮ್ಮನೆ ಕೂತವರೇ ಇನ್ನೊಬ್ಬರಿಗೆ ನೋವು ಕೊಡುವುದರಲ್ಲಿ ಎಲ್ಲರಿಗಿಂತ ಹಿಂದಿದ್ದರು. 2024ರಲ್ಲಿ ಸೋಫಿ ಕ್ಯರ್ವಿಕ್ ಜೊತೆ ಅವರೇ 154 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಇದೇ ಚಿತ್ರ ಬಂತು. ಉಸಿರಾಟ, ಧ್ಯಾನ, ಯೋಗದಂತೆ ಮೈಯ ಕಾವು ಇಳಿಸುವ ಚಟುವಟಿಕೆಗಳಿಂದ ಸಿಟ್ಟು ಇಳಿಯಿತು. ಓಟ ಸಿಟ್ಟನ್ನು ಏರಿಸುವ ಕಡೆಗೇ ವಾಲಿತ್ತು.

ಹಾಗಂತ ಓಡುವುದನ್ನು ಬಿಡಬೇಡಿ, ಹೃದಯಕ್ಕೆ ಅದು ಒಳ್ಳೆಯದೇ. ಸಿಟ್ಟಿನಲ್ಲಿ ಮೈ ಆಗಲೇ ಕಾದಿರುವಾಗ ಅದನ್ನು ಇನ್ನಷ್ಟು ಕಾಯಿಸುವುದು ಬೇಡ, ಅಷ್ಟೇ.

ಬರೆಯಿರಿ, ಕಳಿಸಬೇಡಿ

ಈಗಿನ ಸಿಟ್ಟೆಲ್ಲ ಬೆರಳ ತುದಿಗೆ ಬರುತ್ತದೆ. ರಾತ್ರಿ ಹನ್ನೊಂದು ಗಂಟೆ. ಅಣ್ಣನಿಂದ ಮೆಸೇಜು: ‘ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ನಿಂಗೆ ಯಾವತ್ತೂ ಪುರುಸೊತ್ತಿರಲ್ಲ.’ ಕಳೆದ ನಾಲ್ಕು ಸಲ ಕರೆದುಕೊಂಡು ಹೋದವರು ನೀವು. ಹಾಸಿಗೆಯಲ್ಲಿ ಎದ್ದು ಕೂರುತ್ತೀರಿ. ಹೆಬ್ಬೆರಳು ತಾನೇ ಓಡುತ್ತದೆ. ನಾಲ್ಕು ಸಲದ ತಾರೀಖು, ಹತ್ತು ವರ್ಷದ ಹಿಂದಿನ ವಿಷಯ, ಅತ್ತಿಗೆಯ ಹೆಸರು, ಎಲ್ಲ ಬಂದುಬಿಡುತ್ತದೆ. ಪರದೆ ತುಂಬಿದೆ. ಕಳಿಸುವ ಬಟನ್ ಮೇಲೆ ಬೆರಳಿದೆ.

ಇಲ್ಲಿ ಮಾಡಬೇಕಾದ್ದು ಇಷ್ಟು. ಬರೆದದ್ದನ್ನು ಕತ್ತರಿಸಿ ಫೋನಿನ ನೋಟ್ಸ್‌ಗೆ ಹಾಕಿ. ಅಲ್ಲಿ ಕಳಿಸುವ ಬಟನ್ನೇ ಇಲ್ಲ. ಇನ್ನೂ ಬರೆಯಬೇಕು ಅನ್ನಿಸಿದರೆ ಅಲ್ಲೇ ಬರೆಯಿರಿ. ಅಣ್ಣನಿಗೆ ಒಂದೇ ಸಾಲು ಕಳಿಸಿ: ‘ಅಣ್ಣ, ಇದ್ರ ಬಗ್ಗೆ ನಾಳೆ ಫೋನ್ ಮಾಡ್ತೀನಿ.’ ಫೋನನ್ನು ಬೇರೆ ಕೋಣೆಯಲ್ಲಿ ಇಟ್ಟು ಮಲಗಿ. ವಾಯ್ಸ್ ಮೆಸೇಜಂತೂ ಬೇಡವೇ ಬೇಡ. ನಿಮ್ಮ ಏರಿದ ದನಿ ಅವರ ಫೋನಿನಲ್ಲಿ ಉಳಿದುಬಿಡುತ್ತದೆ, ಬೇಕೆಂದಾಗಲೆಲ್ಲ ಕೇಳಬಹುದು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತ ಹಿರಿಯರು ಕೇಳುತ್ತಿದ್ದದ್ದು ಇಂಥದ್ದಕ್ಕೇ.

ಕಾಗದದ ಮೇಲೆ ಬರೆಯುವುದು ಇನ್ನೂ ಒಳ್ಳೆಯದು. ಬರೆದು ಮುಗಿದ ಮೇಲೆ ಹರಿದು ಕಸದ ಬುಟ್ಟಿಗೆ ಹಾಕಿ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಇದನ್ನು ಪರೀಕ್ಷಿಸಿದರು. ಅವಮಾನಕ್ಕೆ ಒಳಗಾದವರು ತಮ್ಮ ಸಿಟ್ಟನ್ನು ಕಾಗದದಲ್ಲಿ ಬರೆದರು. ಕಾಗದವನ್ನು ಬಿಸಾಡಿದವರ ಸಿಟ್ಟು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೇ ಇಳಿಯಿತು. ಜೋಪಾನವಾಗಿ ಎತ್ತಿಟ್ಟುಕೊಂಡವರ ಸಿಟ್ಟು ಅಷ್ಟು ಇಳಿಯಲಿಲ್ಲ.

ಈಗ ಯೋಚನೆ ಮಾಡಬಹುದು

ಎದೆಬಡಿತ ಮಾಮೂಲಿಗೆ ಬಂತು, ದವಡೆ ಸಡಿಲವಾಯಿತು ಅಂದರೆ ತಲೆಗೆ ಕೆಲಸ ಕೊಡಬಹುದು. ಮೊದಲು ಸಣ್ಣ ವಿಷಯ ನೋಡಿ. ಊಟ ಆಗಿದೆಯಾ? ನಿನ್ನೆ ನಿದ್ದೆ ಆಗಿದೆಯಾ? ಹಸಿವು, ನಿದ್ದೆಗೇಡು ಎರಡೂ ಸಿಟ್ಟಿನ ಹೊಸ್ತಿಲನ್ನು ತಗ್ಗಿಸುತ್ತವೆ. ಕೆಲವು ಸಲ ಜಗಳದ ಅರ್ಧ ಪಾಲು ಇಲ್ಲೇ ಇರುತ್ತದೆ.

ಆಮೇಲೆ ನಡೆದದ್ದನ್ನು ಸ್ವಲ್ಪ ದೂರದಿಂದ ನೋಡಿ. ಕೋಣೆಯ ಮೂಲೆಯಲ್ಲಿ ನಿಂತ ಮೂರನೆಯವರಿಗೆ ಇದು ಹೇಗೆ ಕಂಡೀತು? ನಿಮ್ಮನ್ನೇ ಹೆಸರು ಹಿಡಿದು ಕೇಳಿಕೊಳ್ಳುವುದೂ ಸಹಾಯ ಮಾಡುತ್ತದೆ: ‘ಸರಿ, ಈಗ ನೀನು ಏನು ಮಾಡಬೇಕು ಅಂತಿದೀಯ?’ ಗೆಳೆಯರಿಗೆ ಬುದ್ಧಿ ಹೇಳುವಾಗ ನಾವೆಲ್ಲ ಜಾಣರೇ, ಅಲ್ವಾ? ಆ ಜಾಣತನ ಇಲ್ಲಿ ಕೆಲಸಕ್ಕೆ ಬರುತ್ತದೆ.

ಬೆಳಗ್ಗೆ ಶಾಲೆಗೆ ಹೊರಡುವ ಹೊತ್ತು ಅಂದುಕೊಳ್ಳಿ. ಗಾಡಿ ಬರಲು ಐದು ನಿಮಿಷ ಇದೆ. ಮಗ ಒಂದು ಕಾಲಿಗೆ ಶೂ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಇರುವೆ ಸಾಲು ನೋಡುತ್ತಾ ಕೂತಿದ್ದಾನೆ. ಮೂರು ಸಲ ಕೂಗಿದ್ದೀರಿ. ‘ಬೇಕು ಅಂತಲೇ ಮಾಡ್ತಾನೆ’ ಅನ್ನಿಸಿದ ಕ್ಷಣವೇ ಸಿಟ್ಟು ಸರ್‍ರನೆ ಏರುತ್ತದೆ. ಅವನು ಬೇಕಂತ ಮಾಡುತ್ತಿಲ್ಲ, ಅವನಿಗೆ ಇರುವೆ ಬಿಟ್ಟು ಬೇರೇನೂ ಕಾಣುತ್ತಿಲ್ಲ. ಒಂದು ಉದ್ದ ಉಸಿರು ಬಿಟ್ಟು, ಅವನ ಮಟ್ಟಕ್ಕೆ ಕೂತು, ಭುಜ ಮುಟ್ಟಿ ‘ಶೂ’ ಅಂತ ಒಂದೇ ಪದ ಹೇಳಿ. ಮಗು ಕೈಯಲ್ಲಿರುವ ಶೂ ನೋಡುತ್ತದೆ. ಬಹುಪಾಲು ಸಿಟ್ಟಿನ ಬೇರು ಈ ‘ಬೇಕಂತಲೇ’ ಎಂಬ ಊಹೆಯಲ್ಲಿದೆ. ಅದನ್ನೊಮ್ಮೆ ಪ್ರಶ್ನಿಸಿ ನೋಡಿ: ನನಗಿದು ಖಚಿತವಾಗಿ ಗೊತ್ತಾ?

ಕೆಲವು ಸಲ ಉತ್ತರ ‘ಹೌದು, ಬೇಕಂತಲೇ ಮಾಡಿದ್ದಾರೆ’ ಅಂತ ಬರುತ್ತದೆ. ನಿಮ್ಮ ಸಿಟ್ಟು ನ್ಯಾಯವಾದದ್ದೇ ಇರಬಹುದು. ಹಾಗಿದ್ದಾಗ ನುಂಗಿಕೊಂಡು ಸುಮ್ಮನಿರಬೇಕು ಅಂತ ನಾನು ಖಂಡಿತ ಹೇಳುವುದಿಲ್ಲ. ಆದ ಅನ್ಯಾಯವನ್ನು ಹೇಳಲೇಬೇಕು. ನಡುಗುವ ದನಿಯಲ್ಲಿ ಕೂಗಿದರೆ ಜನ ನಿಮ್ಮ ಕೂಗಾಟವನ್ನು ನೆನಪಿಟ್ಟುಕೊಳ್ಳುತ್ತಾರೆ, ವಿಷಯವನ್ನು ಮರೆಯುತ್ತಾರೆ. ಅದಕ್ಕೇ ಹೇಳಿದ ಹೊತ್ತಿಗೆ ವಾಪಸು ಹೋಗಿ ಮಾತಾಡಿ. ನಡೆದದ್ದು ಏನು, ಅದರಿಂದ ನಿಮಗೇನಾಯಿತು, ಮುಂದೆ ಏನಾಗಬೇಕು. ‘ನಿಂಗೆ ಜವಾಬ್ದಾರಿನೇ ಇಲ್ಲ’ ಅನ್ನುವ ಬದಲು ‘ನೀನು ಬರ್ತೀಯ ಅಂತ ಒಂದು ಗಂಟೆ ಕಾದೆ, ಫೋನೂ ಬರ್ಲಿಲ್ಲ, ನಂಗೆ ಗಾಬರಿ ಆಯ್ತು. ಇನ್ಮೇಲೆ ತಡ ಆದ್ರೆ ಒಂದು ಮೆಸೇಜ್ ಹಾಕು’. ಒಂದು ಸಲಕ್ಕೆ ಒಂದೇ ವಿಷಯ. ಹಳೆಯದೆಲ್ಲ ತಂದರೆ ಮೊದಲಿನ ಜಾಗಕ್ಕೇ ಬರುತ್ತೀರಿ.

ಇಷ್ಟರಿಂದ ಆಗದಿದ್ದಾಗ

ಉಸಿರಾಟವನ್ನು ದಿನಾ ಮಲಗುವ ಮುಂಚೆ ಐದು ನಿಮಿಷ ಮಾಡಿ. ಸಮಾಧಾನದಲ್ಲಿ ರೂಢಿಯಾಗದ್ದು ಸಿಟ್ಟಿನಲ್ಲಿ ನೆನಪಿಗೆ ಬರುವುದಿಲ್ಲ. ಕೆಲವು ವಾರ ಹೀಗೆ ಮಾಡಿದರೂ ಸಿಟ್ಟು ಕೈಮೀರುತ್ತಿದ್ದರೆ, ವಸ್ತುಗಳು ಒಡೆಯುತ್ತಿದ್ದರೆ, ಮನೆಯವರು ನಿಮ್ಮ ಹೆಜ್ಜೆ ಸದ್ದಿಗೆ ಮಾತು ನಿಲ್ಲಿಸುತ್ತಿದ್ದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಯಾರ ಮೇಲಾದರೂ ಕೈ ಎತ್ತಿದ್ದರೆ ಕೆಲವು ವಾರ ಕಾಯುವುದೂ ಬೇಡ, ಈಗಲೇ ಹೋಗಿ. ಖಿನ್ನತೆ, ಥೈರಾಯ್ಡ್ ತೊಂದರೆ, ಕುಡಿತ, ತೀರದ ನೋವು, ಇವೂ ಸಿಟ್ಟಿನ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಕಾರಣಕ್ಕೆ ಚಿಕಿತ್ಸೆ ಸಿಕ್ಕರೆ ಸಿಟ್ಟೂ ತಗ್ಗುತ್ತದೆ.

ಹೃದಯದ ತೊಂದರೆ ಅಥವಾ ಬಿಪಿ ಇರುವವರಿಗೆ ಇನ್ನೊಂದು ಮಾತು. ಜೋರು ಸಿಟ್ಟು ಬಂದ ನಂತರದ ಎರಡು ಗಂಟೆಯಲ್ಲಿ ಹೃದಯಾಘಾತದ ಸಾಧ್ಯತೆ ಮಾಮೂಲಿಗಿಂತ ಹೆಚ್ಚಿರುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2014ರ ವಿಶ್ಲೇಷಣೆಯೊಂದು ತೋರಿಸಿದೆ. ಸಿಟ್ಟಿನ ಜೊತೆ ಎದೆ ಹಿಂಡಿದಂತಾದರೆ, ಎಡಗೈಗೋ ದವಡೆಗೋ ನೋವು ಹರಿದರೆ, ತಣ್ಣನೆಯ ಬೆವರು ಬಂದರೆ ‘ಸಿಟ್ಟಿಗೆ ಹೀಗಾಗಿದೆ, ಸರಿಹೋಗುತ್ತೆ’ ಅಂತ ಕೂರಬೇಡಿ. ತಕ್ಷಣ ಆಂಬುಲೆನ್ಸ್ ಕರೆಸಿ.